ಓಡುವ ಮಕ್ಕಳು ಹಿಮದ ಮೇಲೆ ಜಾರಬಹುದೇ?

(ದಾವಣಗೆರೆಯಲ್ಲಿ ಶಾಲಾ, ಕಾಲೇಜು ಕ್ರೀಡಾಪಟುಗಳು, ಪೋಷಕರು ಮತ್ತು ದೈಹಿಕ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ಕಳೆದ ತಿಂಗಳು ಒಂದು ಬೆಳಿಗ್ಗೆ, ಆರೂವರೆ ಇರಬಹುದು, ಕ್ರೀಡಾಂಗಣದಲ್ಲಿ ಒಬ್ಬ ಹುಡುಗಿ ನನ್ನನ್ನು ತಡೆದು ನಿಲ್ಲಿಸಿದಳು. ಹದಿನಾರು ವರ್ಷ. 800 ಮೀಟರ್ ಓಡುತ್ತಾಳೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ದಾಟಿ ರಾಜ್ಯ ಮಟ್ಟಕ್ಕೆ ಹೋಗಿ ಬಂದವಳು. "ಸರ್, ನಮ್ಮ ಮಾವ ಜನವರಿಗೆ ಎಲ್ಲರನ್ನೂ ಮನಾಲಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ನಾನು ಸ್ಕೀಯಿಂಗ್ ಮಾಡ್ಬೌದಾ? ಇಲ್ಲ ಸ್ನೋಬೋರ್ಡ್ ಮಾಡ್ಲಾ? ಯಾವ್ದು ಕಾಲಿಗೆ ಒಳ್ಳೇದು?" ಪಕ್ಕದಲ್ಲೇ ನಿಂತಿದ್ದ ಅವರಪ್ಪ, "ಯಾವ್ದೂ ಬ್ಯಾಡ ಅಂತ ನೀವಾರ ಹೇಳ್ರಿ ಸರ್, ನನ್ನ ಮಾತು ಕೇಳಂಗಿಲ್ಲ" ಅಂದರು.

ಅವತ್ತು ನಾನು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಬಾರಮ್ಮ ಅಂದೆ. ಬೇಡ ಅಂದುಬಿಡುವುದು ಬಹಳ ಸುಲಭ. ಆದರೆ ಅವಳ ಪ್ರಶ್ನೆಯ ಕೊನೆಯ ಭಾಗ ನೋಡಿ: ಯಾವುದು ಕಾಲಿಗೆ ಒಳ್ಳೆಯದು. ತನ್ನ ಕಾಲನ್ನು ಕಾಪಾಡಿಕೊಳ್ಳಬೇಕು ಅನ್ನೋ ಎಚ್ಚರ ಇರುವ ಮಗು ಅದು. ಅಂಥ ಮಗುವಿಗೆ ಒಂದೇ ಪದದ ಉತ್ತರ ಕೊಟ್ಟು ಕಳಿಸಬಾರದು. ಈಗ ನಿಮ್ಮ ಮುಂದೆ ಹೇಳುವುದೆಲ್ಲ ಅವಳಿಗೆ ಹೇಳಿದ್ದೇ, ಸ್ವಲ್ಪ ವಿಸ್ತಾರವಾಗಿ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಸ್ಕೀಯಿಂಗ್ ಅಂದರೆ ಎರಡು ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು, ಸ್ನೋಬೋರ್ಡ್ ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವುದು. ಈ ಹಿಮದ ಆಟ ಕೆಟ್ಟದ್ದಲ್ಲ. ಕಲಿಯಬೇಕು ಅಂದರೆ ಹದಿನಾಲ್ಕು ದಿನ ಇಟ್ಟುಕೊಂಡು ಕಲಿಯಿರಿ, ಅರ್ಧ ಗಂಟೆಯ ಬಾಡಿಗೆ ಸ್ಕೀ ಮಾತ್ರ ಬೇಡ. ಸ್ಕೀಯೋ ಬೋರ್ಡೋ ಅನ್ನೋದನ್ನು ನಿಮ್ಮ ಸ್ವಂತ ಆಟ ಯಾವ ಕೀಲಿನ ಮೇಲೆ ನಿಂತಿದೆ ಅನ್ನೋದು ತೀರ್ಮಾನಿಸಲಿ.

ಅರ್ಧ ಗಂಟೆಯ ಬಾಡಿಗೆ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬ ಖೋ ಖೋ ಆಟಗಾರ್ತಿ ನನ್ನ ಹತ್ತಿರ ಬಂದಳು. ಡಿಗ್ರಿ ಎರಡನೇ ವರ್ಷ, ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿದ್ದಳು. ಡಿಸೆಂಬರ್‌ನಲ್ಲಿ ಕಾಲೇಜು ಟೂರ್ ಹೋಗಿದ್ದರು, ಮನಾಲಿ ಹತ್ತಿರದ ಸೋಲಂಗ್ ಕಣಿವೆಗೆ. ಅಲ್ಲಿ ಇಳಿಜಾರಿನ ಬುಡದಲ್ಲಿ ಸ್ಕೀ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಬೂಟು ಒಂದು ಸೈಜ್ ದೊಡ್ಡದಿತ್ತಂತೆ, ಎರಡು ಜೊತೆ ಸಾಕ್ಸ್ ಹಾಕಿಕೋ ಅಂದರಂತೆ. ನಾಲ್ಕನೇ ಸಲ ಇಳಿಯುವಾಗ ಹಿಂದಕ್ಕೆ ವಾಲಿದಳು, ಬೀಳಬಾರದು ಅಂತ ಏಳಲು ಹೋದಳು, ಮಂಡಿಯೊಳಗೆ 'ಟಪ್' ಅಂತು. ನೋವು ಹತ್ತು ನಿಮಿಷಕ್ಕೆ ಕಡಿಮೆಯಾಯಿತು, ಅದಕ್ಕೇ ಯಾರಿಗೂ ಹೇಳಲಿಲ್ಲ. ರಾತ್ರಿಯ ಹೊತ್ತಿಗೆ ಮಂಡಿ ಊದಿಕೊಂಡಿತು. ಬಸ್ಸಿನಲ್ಲಿ ಕಾಲು ಚಾಚಿಕೊಂಡು ದೆಹಲಿಗೆ, ಅಲ್ಲಿಂದ ರೈಲಿನಲ್ಲಿ ಊರಿಗೆ.

ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಗಟ್ಟಿ ನಾರಿದೆ, ಅದು ಹರಿದಿದೆಯಾ ಅಂತ ನೋಡುವ ಒಂದು ಪರೀಕ್ಷೆ ಇದೆ. ಮಲಗಿಸಿ, ಮಂಡಿಯನ್ನು ಸ್ವಲ್ಪವೇ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಮಂಡಿಯ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆಯುತ್ತೇವೆ. ಸರಿಯಿರುವ ಮಂಡಿಯಲ್ಲಿ ಎಲುಬು ಒಂಚೂರು ಬಂದು ಗಕ್ಕನೆ ನಿಲ್ಲುತ್ತದೆ, ಗೂಟಕ್ಕೆ ಕಟ್ಟಿದ ಹಗ್ಗ ಬಿಗಿದು ದನ ನಿಂತ ಹಾಗೆ. ಅವಳ ಎಡಮಂಡಿ ಹಾಗೆ ನಿಂತಿತು. ಬಲಮಂಡಿ ನಿಲ್ಲಲಿಲ್ಲ. ಎಳೆದಷ್ಟೂ ಮೆತ್ತಗೆ ಬಂತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ಎಷ್ಟು ದಿನ ಸರ್?" ಅಂದಳು. ದಿನದ ಲೆಕ್ಕ ಅಲ್ಲಮ್ಮ ಅನ್ನೋದು ನನ್ನ ಬಾಯಿಂದ ಬರಲು ಹೊತ್ತು ಹಿಡಿಯಿತು. ಎಂಆರ್‌ಐ, ಆಪರೇಷನ್, ಆಮೇಲೆ ಹನ್ನೊಂದು ತಿಂಗಳು. ಎಸಿಎಲ್ ಆಪರೇಷನ್ ಆದವರನ್ನು ಒಂಬತ್ತು ತಿಂಗಳಿಗೆ ಮೊದಲು ಅಂಗಳಕ್ಕೆ ಬಿಟ್ಟರೆ ಮತ್ತೆ ಹರಿಯುವ ಅಪಾಯ ಜಾಸ್ತಿ. ಯೂನಿವರ್ಸಿಟಿ ತಂಡ ಅವಳಿಲ್ಲದೆ ಹೋಯಿತು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಟೂರ್‌ಗೆ ಮೊದಲು ಆ ಹುಡುಗಿ ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ ಸ್ನಾಯುವಿನ ನೋವಿಗೆ ನನ್ನ ಹತ್ತಿರವೇ ಬರುತ್ತಿದ್ದಳು. ಮನಾಲಿಗೆ ಹೋಗ್ತೀನಿ ಅಂತಲೂ ಹೇಳಿದ್ದಳು. ಚಳಿ ಜಾಸ್ತಿ ಇರುತ್ತೆ ಸ್ವೆಟರ್ ತಗೊಂಡು ಹೋಗು ಅಂದೆ, ಅಷ್ಟೇ. ಅವತ್ತು ಐದು ನಿಮಿಷ ಕೂರಿಸಿ ಮಾತಾಡಿದ್ದರೆ ಅನ್ನೋದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಐದು ನಿಮಿಷ ಈಗ ನಿಮ್ಮೆಲ್ಲರಿಗೆ.

ಸ್ಕೀ ಮಂಡಿಯನ್ನು ಹೇಗೆ ಹರಿಯುತ್ತದೆ? ನಿಮ್ಮ ಪಾದಕ್ಕೆ ಹೆಚ್ಚುಕಡಿಮೆ ನಿಮ್ಮಷ್ಟೇ ಉದ್ದದ ಒಂದು ಪಟ್ಟಿ ಕಟ್ಟಿದ್ದಾರೆ ಅಂದುಕೊಳ್ಳಿ. ಬೂಟು ಗಟ್ಟಿ ಪ್ಲಾಸ್ಟಿಕ್, ಪಾದದ ಗಿಣ್ಣು ಅಲ್ಲಾಡುವುದಿಲ್ಲ. ಕಾಲು ತಿರುಚಿದರೆ ಆ ತಿರುಚು ಗಿಣ್ಣಿನಲ್ಲಿ ಕರಗದೆ ನೇರ ಮೇಲಕ್ಕೆ, ಮಂಡಿಗೆ ಹೋಗುತ್ತದೆ. ನೀವು ಹಿಂದಕ್ಕೆ ವಾಲಿದಾಗ ಭಾರವೆಲ್ಲ ಒಂದು ಸ್ಕೀಯ ಬಾಲದ ಮೇಲೆ ಬೀಳುತ್ತದೆ, ಅದರ ಒಳ ಅಂಚು ಹಿಮಕ್ಕೆ ಕಚ್ಚಿಕೊಳ್ಳುತ್ತದೆ, ಕಾಲು ಒಂದು ಕಡೆ ತಿರುಗುತ್ತದೆ, ಮೈ ಇನ್ನೊಂದು ಕಡೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ ಸ್ಕೀ ನಿಮ್ಮ ಮಂಡಿಯನ್ನು ಮೀಟುತ್ತದೆ.

ಸ್ಕೀಯನ್ನೂ ಬೂಟನ್ನೂ ಹಿಡಿದಿಡುವ ಬೈಂಡಿಂಗ್ ಅಂತ ಒಂದು ಇರುತ್ತದೆ. ಜೋರಾಗಿ ಬಿದ್ದರೆ ತಾನಾಗಿ ಬಿಚ್ಚಿಕೊಳ್ಳಬೇಕು. ಅದು ಸುಧಾರಿಸಿದ ಮೇಲೆ ಮೊಣಕಾಲ ಕೆಳಗಿನ ಎಲುಬು ಮುರಿಯುವುದು ಬಹಳ ಕಡಿಮೆಯಾಯಿತು. ಮಂಡಿಗೆ ಮಾತ್ರ ಅಷ್ಟು ರಕ್ಷಣೆ ಸಿಗಲಿಲ್ಲ, ಯಾಕಂದರೆ ನಿಧಾನವಾಗಿ ತಿರುಚುತ್ತಾ ಬೀಳುವಾಗ ಅದು ಬಿಚ್ಚಿಕೊಳ್ಳದೇ ಇರಬಹುದು. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಕಲಿತಿದ್ದೀರಿ, ಇವಿಷ್ಟನ್ನೂ ನೋಡಿ ಬೈಂಡಿಂಗ್ ಬಿಗಿ ಹೊಂದಿಸಬೇಕು. ಹಾಗಾಗಿ ಸುಲಭದ ಒಂದು ಗುರುತು ಹೇಳುತ್ತೇನೆ: ತೂಕ ಎಷ್ಟು ಅಂತ ಕೇಳದೆ ಸ್ಕೀ ಕೊಡುವವರ ಹತ್ತಿರ ಸ್ಕೀ ತಗೋಬೇಡಿ.

ಒಟ್ಟು ಲೆಕ್ಕ ನೋಡಿದರೆ ಸಾವಿರ ಜನ ಒಂದು ದಿನ ಸ್ಕೀ ಮಾಡಿದಾಗ ಎರಡೋ ಮೂರೋ ಜನಕ್ಕೆ ಪೆಟ್ಟಾಗುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಮಂಡಿಯದ್ದು. ಇದು ಹೆದರಿ ಓಡುವಂಥ ಸಂಖ್ಯೆ ಅಲ್ಲ. ನನ್ನ ಟೇಬಲ್ ಮೇಲೆ ಮಲಗಿದ ಎಸಿಎಲ್‌ಗಳಲ್ಲಿ ಹಿಮದಿಂದ ಬಂದಿದ್ದು ಅದೊಂದೇ, ಉಳಿದವೆಲ್ಲ ಕಬಡ್ಡಿ, ಫುಟ್‌ಬಾಲ್, ಬೈಕು. ಆದರೆ ಹೊಸಬರಿಗೆ ಪೆಟ್ಟು ಹೆಚ್ಚು, ನಾವೆಲ್ಲ ಅಲ್ಲಿ ಹೊಸಬರೇ.

ಸ್ನೋಬೋರ್ಡ್ ಕಥೆ ಬೇರೆ. ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ, ಹಾಗಾಗಿ ಒಂದು ಕಾಲು ಅತ್ತ ಇನ್ನೊಂದು ಇತ್ತ ತಿರುಗಲು ಆಗುವುದಿಲ್ಲ. ಮಂಡಿ ಬಹುಮಟ್ಟಿಗೆ ಉಳಿಯುತ್ತದೆ. (ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಿ ಇಳಿಯುವಾಗ ಒಂದು ಪಾದ ಬಿಚ್ಚಿರುತ್ತಾರೆ, ಆಗ ಮಾತ್ರ ಹುಷಾರು.) ಆದರೆ ಕಾಲು ಕಟ್ಟಿಹಾಕಿದ ಮನುಷ್ಯ ಬೀಳುವಾಗ ಏನು ಮಾಡುತ್ತಾನೆ? ಕೈ ಊರುತ್ತಾನೆ. ಮಣಿಕಟ್ಟು ಮುರಿಯುತ್ತದೆ, ಭುಜ ಜಾರುತ್ತದೆ. ಹಿಂದಿನ ಅಂಚು ಹಿಮಕ್ಕೆ ಸಿಕ್ಕಿಕೊಂಡರೆ ಅಂಗಾತ ಬಿದ್ದು ತಲೆಯ ಹಿಂಭಾಗ ನೆಲಕ್ಕೆ ಹೊಡೆಯುತ್ತದೆ. ಮೊದಲ ಒಂದೆರಡು ದಿನದಲ್ಲೇ ಇದು ಹೆಚ್ಚು. ಮಣಿಕಟ್ಟಿಗೆ ಗಾರ್ಡ್ ಕಟ್ಟಿಕೊಂಡರೆ ಮುರಿತ ನಿಜವಾಗಿಯೂ ಕಡಿಮೆಯಾಗುತ್ತದೆ.

ಇನ್ನೊಂದು ಪೆಟ್ಟಿದೆ, ಓಟಗಾರರು ಗಮನ ಕೊಟ್ಟು ಕೇಳಿ. ಪಾದದ ಗಿಣ್ಣಿನಲ್ಲಿ ತಾಲಸ್ ಅನ್ನೋ ಎಲುಬಿನ ಹೊರಚಾಚು ಮುರಿಯುವುದು. ವೈದ್ಯರು ಇದಕ್ಕೆ ಸ್ನೋಬೋರ್ಡರ್ ಮುರಿತ ಅಂತಲೇ ಕರೆಯುತ್ತಾರೆ. ನೋಡಲು ಥೇಟ್ ಉಳುಕಿನ ಹಾಗೆ. ಎಕ್ಸ್‌ರೇಯಲ್ಲೂ ತಪ್ಪಿಹೋಗಬಹುದು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ನಮ್ಮಲ್ಲಿ ಏನಾಗುತ್ತದೆ? ಉಳುಕು ಅಂತ ಎಣ್ಣೆ ಹಚ್ಚಿ ತೀಡಿಸಿಕೊಂಡು ವಾರಕ್ಕೆ ಟ್ರ್ಯಾಕ್‌ಗೆ ಇಳಿಯುತ್ತಾರೆ. ಆ ಕೀಲು ಆಮೇಲೆ ಜೀವನಪೂರ್ತಿ ನೋಯುತ್ತದೆ.

ಈಗ ನಿಮ್ಮ ನಿಮ್ಮ ಆಟಕ್ಕೆ ಬನ್ನಿ. ಕಬಡ್ಡಿ, ಖೋ ಖೋ, ಫುಟ್‌ಬಾಲ್‌ನವರು ಮಂಡಿ ತಿರುಗಿಸಿ ಬದುಕುವವರು. ಅದರಲ್ಲೂ ಹೆಣ್ಣುಮಕ್ಕಳಿಗೆ ಇಂಥ ಆಟಗಳಲ್ಲಿ ಎಸಿಎಲ್ ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಹೆಚ್ಚು. ನಿಮಗೆ ಇಳಿಜಾರಿನ ಸ್ಕೀಗಿಂತ ಬೋರ್ಡು ವಾಸಿ. ಜಾವೆಲಿನ್, ಶಾಟ್‌ಪುಟ್, ಬ್ಯಾಡ್ಮಿಂಟನ್, ವೇಟ್‌ಲಿಫ್ಟಿಂಗ್‌ನವರಿಗೆ ಮಣಿಕಟ್ಟು, ಭುಜ ಅನ್ನ ಕೊಡುವ ಕೀಲುಗಳು, ಬೋರ್ಡು ಮುಟ್ಟಬೇಡಿ. ವಿನಯ್ ಕುಮಾರ್ ಈ ಊರಿನಿಂದ ಭಾರತ ತಂಡಕ್ಕೆ ಹೋದ ಮೇಲೆ ನಮ್ಮಲ್ಲಿ ವೇಗದ ಬೌಲರ್ ಆಗಬೇಕು ಅನ್ನೋ ಹುಡುಗರು ಬಹಳ ಜನ. ನಿಮಗೆ ಭುಜವೂ ಬೇಕು, ಊರುವ ಕಾಲಿನ ಮಂಡಿಯೂ ಬೇಕು, ಸೊಂಟವೂ ಬೇಕು. ನೀವು ಹಿಮ ನೋಡಿ, ಫೋಟೊ ತೆಗೆಸಿಕೊಂಡು ಬನ್ನಿ.

ದೊಡ್ಡ ಆಟಗಾರರೂ ಇಲ್ಲಿ ಎಡವಿದ್ದಾರೆ. ಜರ್ಮನಿಯ ಗೋಲ್‌ಕೀಪರ್ ಮ್ಯಾನುಯೆಲ್ ನಾಯರ್ 2022ರ ವಿಶ್ವಕಪ್‌ನಿಂದ ತಂಡ ಬೇಗ ಹೊರಬಿದ್ದ ಮೇಲೆ ಮನಸ್ಸು ಹಗುರ ಮಾಡಿಕೊಳ್ಳಲು ಸ್ಕೀ ಪ್ರವಾಸಕ್ಕೆ ಹೋಗಿ ಕಾಲು ಮುರಿದುಕೊಂಡರು. ಮತ್ತೆ ಗೋಲ್ ಮುಂದೆ ನಿಂತಿದ್ದು 2023ರ ಅಕ್ಟೋಬರ್‌ನಲ್ಲಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡುತ್ತಿದ್ದ ವ್ಲಾದಿಮಿರ್ ರಾದ್‌ಮಾನೊವಿಚ್ 2007ರಲ್ಲಿ ಬಿಡುವಿನ ದಿನಗಳಲ್ಲಿ ಸ್ನೋಬೋರ್ಡ್ ಮಾಡಿ ಭುಜ ಕೆಡಿಸಿಕೊಂಡರು. ಒಪ್ಪಂದದಲ್ಲಿ ಅದಕ್ಕೆ ನಿಷೇಧ ಇತ್ತು. ಮೊದಲು ಐಸ್ ಮೇಲೆ ಕಾಲು ಜಾರಿತು ಅಂದರು, ಆಮೇಲೆ ನಿಜ ಹೇಳಿದರು. ಐದು ಲಕ್ಷ ಡಾಲರ್ ದಂಡ ಬಿತ್ತು. ದಂಡಕ್ಕಿಂತ ನನಗೆ ಮುಖ್ಯ ಆ ಮೊದಲ ಸುಳ್ಳು. ಮಕ್ಕಳೇ, ಬಿದ್ದರೆ ಬಂದು ನಿಮ್ಮ ಕೋಚ್‌ಗೆ ಹೇಳಿ, ಅವತ್ತೇ ಹೇಳಿ. ಕೋಚ್‌ಗಳೇ, ಹೇಳಿದರೆ ಬೈಯುತ್ತಾರೆ ಅನ್ನೋ ಹೆದರಿಕೆ ಮಕ್ಕಳಲ್ಲಿ ಉಳಿಸಬೇಡಿ. ಕಾರ್ ರೇಸಿನ ಚಾಂಪಿಯನ್ ಮೈಕೆಲ್ ಶೂಮಾಕರ್ ಅವರಿಗೆ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಸ್ಕೀ ಮಾಡುವಾಗ ಬಿದ್ದು ತಲೆಗೆ ಏನಾಯಿತು ಅನ್ನೋದು ನಿಮಗೆಲ್ಲ ಗೊತ್ತು. ಹೆಲ್ಮೆಟ್ ಹಾಕಿದ್ದರೂ ಅಷ್ಟು ಪೆಟ್ಟಾಯಿತು. ಹೆಲ್ಮೆಟ್ ಇಲ್ಲದೆ ಇಳಿಯುವ ಮಾತೇ ಬೇಡ.

ಹಿಂದಿನ ಸಾಲಿನಲ್ಲಿ ಕುಸ್ತಿ ಹುಡುಗರು ಕೂತಿದ್ದೀರಿ. ನಿಮ್ಮನ್ನು ನೋಡಿ ಒಂದು ಮಾತು ನೆನಪಾಯಿತು. ನಾನು ಚಿಕ್ಕವನಿದ್ದಾಗ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಮುಂಚೆ ಅಜ್ಜನ ಜೊತೆ ಗರಡಿಗೆ ಹೋಗುತ್ತಿದ್ದೆ. ಹೊಸ ಹುಡುಗ ಬಂದರೆ ಉಸ್ತಾದರು ಮೊದಲ ವಾರ ಪಟ್ಟು ಕಲಿಸುತ್ತಲೇ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಬೀಳಿಸುವುದು, ಏಳಿಸುವುದು, ಮತ್ತೆ ಬೀಳಿಸುವುದು. ಗದ್ದ ಎದೆಗೆ ಒತ್ತು, ಕೈ ಊರಬೇಡ, ಬೆನ್ನು ಉರುಳಿಸು. ಬೀಳೋದು ಬರದವನಿಗೆ ಎತ್ತೋದು ಕಲಿಸಲ್ಲ ಅನ್ನುತ್ತಿದ್ದರು. ಹಿಮದ ಶಾಲೆಯಲ್ಲೂ ಮೊದಲ ಪಾಠ ಅದೇ. ಬಿದ್ದರೆ ಕಾಲು ನೆಟ್ಟಗೆ ಮಾಡಬೇಡ, ಜಾರುತ್ತಿರುವಾಗಲೇ ಏಳಲು ಹೋಗಬೇಡ, ಪೂರ್ತಿ ನಿಂತ ಮೇಲೆ ಏಳು. ಅಮೆರಿಕದ ವರ್ಮಾಂಟ್‌ನ ಸಂಶೋಧಕರು ಸ್ಕೀ ತಾಣಗಳ ಸಿಬ್ಬಂದಿಗೆ ಮಂಡಿ ಹರಿಯುವ ಬೀಳಾಟವನ್ನು ವಿಡಿಯೊದಲ್ಲಿ ತೋರಿಸಿ, ಅದರಿಂದ ತಪ್ಪಿಸಿಕೊಳ್ಳುವುದನ್ನು ಕಲಿಸಿದಾಗ ಗಂಭೀರ ಮಂಡಿ ಪೆಟ್ಟುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ನಮ್ಮ ಖೋ ಖೋ ಹುಡುಗಿ ಜಾರುತ್ತಲೇ ಏಳಲು ಹೋದಳು. ಹಾಗೆ ಮಾಡಬೇಡ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಹದಿನಾಲ್ಕು ದಿನ ಅಂದಿದ್ದು. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ, ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಎರಡೂ ಸರ್ಕಾರಿ. ಬುನಾದಿ ಕೋರ್ಸ್ ಸುಮಾರು ಎರಡು ವಾರದ್ದು. ಬೂಟು ಅಳತೆ ನೋಡಿ ಕೊಡುತ್ತಾರೆ, ಬೀಳುವುದನ್ನು ಕಲಿಸುತ್ತಾರೆ, ಚಪ್ಪಟೆ ನೆಲದಿಂದ ಶುರು ಮಾಡಿ ಇಳಿಜಾರಿಗೆ ಕರೆದೊಯ್ಯುತ್ತಾರೆ.

ಇದರಿಂದ ಲಾಭವೂ ಇದೆ. ಇಳಿಜಾರಿನಲ್ಲಿ ಕಾಲು ಮಡಿಸಿ ತಡೆದುಕೊಂಡು ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಾ ಭಾರ ಹೊರುತ್ತದೆ. ಓಟಗಾರರಿಗೂ ಜಂಪ್ ಮಾಡುವವರಿಗೂ ಬೇಕಾದ ಶಕ್ತಿ ಅದು. ಸಮತೋಲನ ಕುದುರುತ್ತದೆ, ಹೆದರಿಕೆಯನ್ನು ಪಳಗಿಸುವ ಅಭ್ಯಾಸ ಆಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹದಿನೈದು ಹದಿನಾರರವರೆಗೆ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅನ್ನುತ್ತದೆ. ಎಂಟನೇ ಕ್ಲಾಸಿಗೇ ಮಗುವನ್ನು ಒಂದೇ ಆಟಕ್ಕೆ ಸೀಮಿತ ಮಾಡಿ, ವರ್ಷವಿಡೀ ಅದನ್ನೇ ಆಡಿಸಿ, ಹದಿನೇಳಕ್ಕೆ ಮಂಡಿ ಹಿಡಿದುಕೊಂಡು ನನ್ನ ಹತ್ತಿರ ಕರೆತರುವ ಅಪ್ಪಂದಿರನ್ನು ನೋಡಿದ್ದೇನೆ. ಅವರಿಗಿಂತ ಮಗಳನ್ನು ಹಿಮಕ್ಕೆ ಕರೆದೊಯ್ಯುವ ಮಾವ ಒಳ್ಳೆಯವನು.

ಓಟಗಾರರಿಗೆ ಮೂರನೆಯ ದಾರಿಯೊಂದಿದೆ, ಆ ಹುಡುಗಿ ಕೇಳದೇ ಇದ್ದದ್ದು. ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಅಗಲ ಕಡಿಮೆಯ, ಹಗುರ ಸ್ಕೀ, ಮೆತ್ತನೆ ಬೂಟು, ಹಿಮ್ಮಡಿ ಬಿಡುಗಡೆಯಾಗಿರುತ್ತದೆ. ಏರುತ್ತಾ ಇಳಿಯುತ್ತಾ ಕೈಕಾಲು ಎರಡನ್ನೂ ದುಡಿಸಿ ಸಾಗುವುದು. ನೆಲಕ್ಕೆ ಕುಟ್ಟುವ ಪೆಟ್ಟಿಲ್ಲ, ಶ್ವಾಸಕೋಶಕ್ಕೆ ಮಾತ್ರ ಪೂರ್ತಿ ಕೆಲಸ. ಜಗತ್ತಿನಲ್ಲಿ ಅತಿ ಹೆಚ್ಚು ಆಮ್ಲಜನಕ ಬಳಸಬಲ್ಲ ದೇಹಗಳು ಅಂತ ಅಳೆದು ಹೇಳುವಾಗ ಈ ಆಟದವರ ಹೆಸರು ಮೇಲಿನ ಸಾಲಿನಲ್ಲೇ ಬರುತ್ತದೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಈ ಆಟದವರು, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಮಳೆ ಬೀಳುವ ಊರಿನ ಹೆಣ್ಣುಮಗಳು, ಹಿಮ ಬೀಳುವ ಊರಿನವಳಲ್ಲ. ಅದೇ ಇಳಿಜಾರಿನ ಸ್ಕೀಯಲ್ಲಿ ನೋಡಿ: 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋಗಿದ್ದ ಒಬ್ಬನೇ ಸ್ಪರ್ಧಿ ಆರಿಫ್ ಖಾನ್ ಗುಲ್ಮಾರ್ಗ್ ಪಕ್ಕದ ತಂಗ್‌ಮಾರ್ಗ್‌ನವರು, ನಾಲ್ಕನೇ ವಯಸ್ಸಿಗೆ ಸ್ಕೀ ಕಟ್ಟಿದವರು. ನೆಟ್ಟ ಬಾವುಟಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಮುಗಿಸಿದರು, ಅದಕ್ಕೇ ಅಷ್ಟು ವರ್ಷದ ದುಡಿಮೆ. ಇಳಿಜಾರಿನಲ್ಲಿ ಹದಿನಾರಕ್ಕೆ ಶುರು ಮಾಡಿ ಪದಕದ ಕನಸು ಕಾಣುವುದು ಕಷ್ಟ. ಕ್ರಾಸ್‌ಕಂಟ್ರಿಗೆ ಓಟದ ಬುನಾದಿ ಕೈಹಿಡಿಯುತ್ತದೆ. ಗಾಲಿ ಹಾಕಿದ ರೋಲರ್ ಸ್ಕೀ ಇದೆ, ಡಾಂಬರು ರಸ್ತೆಯ ಮೇಲೇ ಅಭ್ಯಾಸ ಮಾಡಬಹುದು.

ಇನ್ನು ಕ್ಯಾಲೆಂಡರ್. ಹಿಮ ಚೆನ್ನಾಗಿ ಸಿಗುವುದು ಜನವರಿಯಿಂದ ಮಾರ್ಚ್. ನಮ್ಮ ಮಕ್ಕಳಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರವಾಗುವುದೂ ಆಗಲೇ, ಕೆಲವರಿಗೆ ರಾಷ್ಟ್ರ ಮಟ್ಟದ ಕೂಟ ಬರುವುದೂ ಆಗಲೇ. ಮುಂದಿನ ನಾಲ್ಕು ತಿಂಗಳೊಳಗೆ ಮುಖ್ಯ ಸ್ಪರ್ಧೆ ಇದ್ದರೆ ಹಿಮದ ಆಟಕ್ಕೆ ಇಳಿಯಬೇಡಿ. ಇದು ನನ್ನ ಅನುಭವದ ಲೆಕ್ಕ: ಎಲುಬಿನ ಸಣ್ಣ ಮುರಿತವಾದರೂ ವಾಸಿಯಾಗಿ, ಮತ್ತೆ ಲಯಕ್ಕೆ ಬರಲು ಅಷ್ಟು ಬೇಕು.

ಕಡೆಯದಾಗಿ ಒಂದು ಮಾತ್ರೆಯ ವಿಷಯ. ಇದನ್ನು ಪೋಷಕರು ಬರೆದುಕೊಳ್ಳಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್ 2,650. ಅಲ್ಲಿನ ಗೊಂಡೊಲಾ, ಅಂದರೆ ಕೇಬಲ್ ಕಾರ್ ಹತ್ತಿ ಮೇಲಕ್ಕೆ ಹೋದರೆ 4,000ದ ಹತ್ತಿರ. ಮೊದಲ ದಿನಗಳಲ್ಲಿ ತಲೆನೋವು, ನಿದ್ದೆ ಬಾರದಿರುವುದು ಸಹಜ. ಪ್ರವಾಸದ ಗುಂಪಿನಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಡಯಾಮಾಕ್ಸ್ ಮಾತ್ರೆ ಕೊಡುತ್ತಾರೆ. ಅದರೊಳಗಿರುವ ಅಸೆಟಾಜೋಲಮೈಡ್ ಮೂತ್ರ ಹೆಚ್ಚಿಸುವ ಔಷಧ, ಕ್ರೀಡೆಯಲ್ಲಿ ಮದ್ದು ಸೇವನೆ ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಸ್ಪರ್ಧೆ ಇರಲಿ ಬಿಡಲಿ ವರ್ಷವಿಡೀ. ರಾಷ್ಟ್ರ ಮಟ್ಟದಲ್ಲಿ ಆಡುವ ಮಗುವನ್ನು ನಮ್ಮ ದೇಶದ ಅಂಥದೇ ಸಂಸ್ಥೆ ನಾಡಾದವರು ಪರೀಕ್ಷೆಗೆ ಕರೆದಾಗ 'ಬೆಟ್ಟ ಹತ್ತಲು ತಗೊಂಡೆ' ಅಂದರೆ ನಡೆಯುವುದಿಲ್ಲ. ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫಿಡ್ರಿನ್ ಕೂಡ ಸ್ಪರ್ಧೆಯ ಹೊತ್ತಿಗೆ ಮಿತಿ ಮೀರಿ ಸಿಕ್ಕರೆ ತಪ್ಪೇ. ಏನೇ ನುಂಗುವ ಮೊದಲು ಫೋನ್ ಮಾಡಿ, ರಾತ್ರಿ ಹನ್ನೆರಡಾದರೂ ಸರಿ, ನಾನು ಎತ್ತುತ್ತೇನೆ. ಮಾತ್ರೆಗಿಂತ ನಿಧಾನವಾಗಿ ಏರುವುದು, ಮೊದಲೆರಡು ದಿನ ಸುಮ್ಮನೆ ಓಡಾಡಿಕೊಂಡಿರುವುದು ಒಳ್ಳೆಯದು.

ಎರಡು ದಿನ ಬಿಟ್ಟು ಆ ಹುಡುಗಿ ಬಂದಳು, ಅಪ್ಪನೂ ಬಂದರು. ನಾನು ಹೇಳಿದೆ: ಈ ಜನವರಿ ಮನಾಲಿಗೆ ಹೋಗು, ಮಾವನ ಆಸೆ ಮುರಿಯಬೇಡ. ಹಿಮದಲ್ಲಿ ನಡಿ, ಆಡು, ಸ್ಕೀ ಕಟ್ಟಬೇಡ, ಬೋರ್ಡೂ ಬೇಡ. ಪಿಯುಸಿ ಮುಗಿದ ಮೇಲಿನ ಚಳಿಗಾಲಕ್ಕೆ, ಮುಂದೆ ನಾಲ್ಕು ತಿಂಗಳು ಕೂಟ ಇಲ್ಲದ ಹಾಗೆ ನೋಡಿಕೊಂಡು, ಕೋರ್ಸ್ ಸೇರು. ಸಾಧ್ಯವಾದರೆ ಕ್ರಾಸ್‌ಕಂಟ್ರಿ. ಅಲ್ಲಿಯವರೆಗೆ ಮಂಡಿ ತಯಾರು ಮಾಡು. ಅವರಪ್ಪ, "ಆಗ್ಲಿ ಬಿಡ್ರಿ, ಕೋರ್ಸ್ ಅಂದ್ರೆ ಬೇರೆ ಮಾತು" ಅಂದರು.

ಒಂದು ವ್ಯಾಯಾಮ ಹೇಳಿಕೊಟ್ಟೆ. ಗ್ಯಾಲರಿಯ ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಲ್ಲಿ ನಿಲ್ಲಬೇಕು. ಇನ್ನೊಂದು ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಸವರುವವರೆಗೆ ನಿಧಾನಕ್ಕೆ ಇಳಿಯಬೇಕು, ಏಳಬೇಕು. ನಿಂತ ಕಾಲಿನ ಮಂಡಿ ಒಳಕ್ಕೆ ವಾಲಬಾರದು, ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಒಂದೊಂದು ಕಾಲಿಗೆ ಹತ್ತು. ಮೊದಲ ದಿನ ಎಡಗಾಲಲ್ಲಿ ನಾಲ್ಕಕ್ಕೇ ವಾಲಿತು. ಮೊನ್ನೆ ಬೆಳಿಗ್ಗೆ ನಾನು ಕೆಳಗೆ ಕೂತು ಎಣಿಸುತ್ತಿದ್ದೆ, ಅವರಪ್ಪ ಮೊಬೈಲ್‌ನಲ್ಲಿ ವಿಡಿಯೊ ತೆಗೆಯುತ್ತಿದ್ದರು. ಏಳರವರೆಗೆ ನೆಟ್ಟಗೆ ಬಂತು. ಎಂಟಕ್ಕೆ ಮಂಡಿ ಒಳಕ್ಕೆ ಹೋಯಿತು. ಅವಳೇ ನಿಲ್ಲಿಸಿದಳು, "ಇದು ಲೆಕ್ಕಕ್ಕಿಲ್ಲ ಸರ್" ಅಂದಳು, ಮತ್ತೆ ಒಂದರಿಂದ ಶುರು ಮಾಡಿದಳು.